ಟೈಪಿಂಗ್ ಮೇಡಂ ಮತ್ತೆ ಕ್ಲಾಸಿಗೆ ಬಂದದ್ದು

ಪಾಂಡವಪುರದಲ್ಲಿ ಐವತ್ತು ದಾಟಿದವರಿಗೆ ಅಖ್ತರ್ ಬೇಗಂ ಅನ್ನುವ ಹೆಸರು ತಟ್ಟನೆ ಹೊಳೆಯದೆ ಹೋಗಬಹುದು. ಟೈಪಿಂಗ್ ಮೇಡಂ ಅಂದರೆ ಸಾಕು, ಮುಖ ಅರಳುತ್ತದೆ. ತಾಲ್ಲೂಕು ಕಚೇರಿಯ ಗುಮಾಸ್ತರು, ಕೋರ್ಟಿನ ಬೆರಳಚ್ಚುಗಾರರು, ಎಷ್ಟೋ ಮಂದಿ ಅವರ ಕೈಯಲ್ಲಿ ಪಳಗಿದವರು. ಸ್ಟೇಷನ್ ರಸ್ತೆಯ ಮಹಡಿಯೊಂದರಲ್ಲಿ ಅವರ ಗಂಡ ಇಮಾಮ್ ಸಾಹೇಬರು ಆರು ಮಿಷನ್ನು ಇಟ್ಟುಕೊಂಡು ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಬೆಳಗ್ಗೆ ಆರಕ್ಕೇ ಟಕಟಕ ಶುರು. ಕಲಿಯುವವರು ಗುಂಡಿ ನೋಡಿಕೊಂಡು ಒತ್ತಬಾರದೆಂದು ಅವರ ಕೈಗಳ ಮೇಲೆ ಟವೆಲ್ಲು ಹೊದಿಸಿ, ಬೆನ್ನ ಹಿಂದೆ ನಿಂತು ಸದ್ದಿನಲ್ಲೇ ತಪ್ಪು ಹಿಡಿಯುತ್ತಿದ್ದರು. ಸಾಹೇಬರು ತೀರಿಕೊಂಡ ಮೇಲೆ ಅಖ್ತರ್ ಬೇಗಂ ಒಬ್ಬರೇ ಎಂಟು ವರ್ಷ ನಡೆಸಿದರು. ಊರಿಗೆ ಕಂಪ್ಯೂಟರ್ ಬಂತು, ಕಲಿಯುವವರು ಕಡಿಮೆಯಾದರು. ಒಂದು ದಿನ ಮಿಷನ್ನುಗಳನ್ನು ಗುಜರಿಯವನು ಹೊತ್ತುಕೊಂಡು ಹೋದಾಗ ಅವರು ಕಿಟಕಿಯತ್ತ ಮುಖ ಮಾಡಿ ನಿಂತಿದ್ದರು.

ಆಮೇಲೆ ಹದಿನೈದು ವರ್ಷ ಮಗನ ಮನೆ, ನಮಾಜು, ಮೊಮ್ಮಗಳು ಆಲಿಯಾ, ಇಷ್ಟೇ.

ಹೋದ ವರ್ಷ ಜೂನ್‌ನಲ್ಲಿ ಅವರ ಹಳೆಯ ಶಿಷ್ಯ ಶಿವಲಿಂಗಯ್ಯ ಹುಡುಕಿಕೊಂಡು ಬಂದ. ಈಗ ಕೆ.ಆರ್. ಪೇಟೆ ರಸ್ತೆಯ ಹಳ್ಳಿಯೊಂದರಲ್ಲಿ ಹೈಸ್ಕೂಲು ಹೆಡ್‌ಮಾಸ್ಟರು.

"ಮೇಡಂ, ಯಾರೋ ಪುಣ್ಯಾತ್ಮರು ಇಪ್ಪತ್ತು ಲ್ಯಾಪ್‌ಟಾಪು ಕೊಟ್ಬುಟ್ಟವ್ರೆ. ಇಂಟರ್ನೆಟ್ಟೂ ಆಕ್ಸವ್ರೆ. ಏಳ್ಕೊಡೋರೇ ಇಲ್ಲ. ಮುರ್ದಾಕ್ಬುಡ್ತವೆ ಅಂತ ಬೀರುಗೆ ಬೀಗ ಜಡ್ದಿವ್ನಿ. ನೀವ್ ಬಂದು ಐಕ್ಳಿಗೆ ಕೈ ಕೂರಿಸ್ಕೊಡಿ."

"ಅರೆ, ನಂಗ್ ಕಂಪ್ಯೂಟರ್ ಎಲ್ಲಿ ಬರ್ತದಪ್ಪಾ?" ಅಂದರು ಅಖ್ತರ್ ಬೇಗಂ. ಅಂದರೂ ಆ ವಾರವೇ ಆಲಿಯಾಳ ಪಕ್ಕ ಕೂತು ಕಲಿಯತೊಡಗಿದರು. ಹಳೆಯ ಮಿಷನ್ನಿನಲ್ಲಿ ಅಕ್ಷರಗಳಿದ್ದ ಜಾಗವೇ ಬೇರೆ. 'ಕ' ಅಂದುಕೊಂಡು ಒತ್ತಿದರೆ ಇನ್ನೇನೋ ಬರುತ್ತಿತ್ತು. ಅರವತ್ತಾರು ವರ್ಷದ ಬೆರಳುಗಳು ಹಳೇ ಹಾದಿಗೇ ಓಡುತ್ತಿದ್ದವು. ತಿಂಗಳಾದ ಮೇಲೆ ಬಸ್ಸು ಹತ್ತಿದರು.

ಬೀರು ತೆರೆದದ್ದೇ ತಡ, ಮಕ್ಕಳು ಮುಗಿಬಿದ್ದವು. ಮೊದಲ ಎರಡು ವಾರ ಡ್ಯಾನ್ಸು, ಕಾರ್ ರೇಸು, ಸಿನಿಮಾ ಹಾಡು ಬಿಟ್ಟು ಇನ್ನೇನೂ ಆಗಲಿಲ್ಲ. ಸಿದ್ಧಾರ್ಥ ಅನ್ನುವವನೊಬ್ಬ ಮಾತ್ರ ಪಂಪಿನ ಮೋಟಾರಿಗೆ ತಂತಿ ಸುತ್ತುವುದನ್ನು ಹುಡುಕಿ, ಮತ್ತೆ ಮತ್ತೆ ನೋಡುತ್ತಿದ್ದ.

"ಬೀಗಾನೇ ವಾಸಿಯಾಗಿತ್ತು ಮೇಡಂ," ಅಂದ ಶಿವಲಿಂಗಯ್ಯ.

ಅಖ್ತರ್ ಬೇಗಂ ಜಗ್ಗಲಿಲ್ಲ. ಮೊದಲ ಅರ್ಧ ಗಂಟೆ ನೆಟ್ ಬಂದ್ ಮಾಡಿಸಿ, ಮನೆಯಿಂದ ತಂದ ಟವೆಲ್ಲುಗಳನ್ನು ಮಕ್ಕಳ ಕೈ ಮೇಲೆ ಹೊದಿಸಿದರು. ಅವು ಕಿಲಕಿಲ ನಕ್ಕವು. ಅವರು ಮಾತ್ರ ಒಮ್ಮೆ ಹಿಂತಿರುಗಿ ನೋಡಿದರು. ಬೆನ್ನ ಹಿಂದೆ ಯಾರೋ ನಿಂತ ಹಾಗೆ, ಸಾಹೇಬರ ಅತ್ತರಿನ ವಾಸನೆ ಬಂದ ಹಾಗೆ.

ಒಂಬತ್ತನೇ ಕ್ಲಾಸಿನ ಚಿನ್ನು ಮಾತ್ರ ಕೈ ಕಟ್ಟಿಕೊಂಡು ಮೂಲೆಯಲ್ಲೇ ಕೂತಿರುತ್ತಿದ್ದಳು. ಅವಳ ಕನ್ನಡ ನೋಟ್‌ಬುಕ್ಕು ತೆಗೆದು ನೋಡಿದರೆ ತುಂಬಾ ಕೆಂಪು ಗೀಟು. ಅಕ್ಷರಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು.

"ನಂಗೆ ಬರಿಯಕ್ ಬರಕಿಲ್ಲ ಮಿಸ್. ದಡ್ಡಿ ಅಂತಾರೆ."

"ಯಾರ್ ಬರಿ ಅಂದ್ರು ಬೇಟಾ? ಸುಮ್ನೆ ಒತ್ತು. ಮನೇಲಿ ಏನ್ ನಡೀತು, ಅದ್ನೇ ಒತ್ತು."

ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಆ ದಿನ ಎರಡು ಸಾಲು. ಮೂರನೇ ವಾರಕ್ಕೆ ಅರ್ಧ ಪುಟ: ಮನೆಯ ಎಮ್ಮೆ ಈದದ್ದು, ಕರು ಅಡ್ಡ ಬಂದದ್ದು, ಅಪ್ಪ ನಿಂಗರಾಜು ಮೊಣಕೈವರೆಗೆ ಎಣ್ಣೆ ಸವರಿಕೊಂಡು ಅದನ್ನು ಹೊರಗೆಳೆದದ್ದು, ಅವ್ವ ಅತ್ತದ್ದು. ಶಿವಲಿಂಗಯ್ಯ ಎರಡು ಸಲ ಓದಿದ.

"ಇದ್ನ ನೀನೇ ಮಾಡ್ದಾ?"

"ಊಂ ಸಾ."

ಇವಳು ನಿಜಕ್ಕೂ ದಡ್ಡಿಯೇ ಎಂದು ಅವನಿಗೀಗ ಅನುಮಾನ. ವಿಜ್ಞಾನದ ಪಾಠದಿಂದ ನಾಲ್ಕು ಪ್ರಶ್ನೆ ಬಾಯಲ್ಲೇ ಕೇಳಿದ. ನಾಲ್ಕಕ್ಕೂ ಉತ್ತರ ಬಂತು. ಎಂಟನೇ ಕ್ಲಾಸಿನಿಂದಲೂ ಈ ಮಗುವಿನ ಪುಸ್ತಕಕ್ಕೆ ಕೆಂಪು ಗೀಟು ಎಳೆದಿದ್ದ ಅವನು ಹೊರಗೆ ಹೋಗಿ ಜಗಲಿ ಮೇಲೆ ಕೂತುಬಿಟ್ಟ.

"ಪರೀಕ್ಷೇನ ಪೆನ್ನಲ್ಲೇ ಬರೀಬೇಕಲ್ಲ ಮೇಡಂ," ಅಂದ ಆಮೇಲೆ.

ಅದು ನಿಜವೇ. ಪರದೆಯಲ್ಲಿ ತಾನು ಮೂಡಿಸಿದ ಸಾಲುಗಳನ್ನು ನೋಡಿಕೊಂಡು ಚಿನ್ನು ನೋಟ್‌ಬುಕ್ಕಿಗೆ ಇಳಿಸತೊಡಗಿದಳು, ಅಖ್ತರ್ ಬೇಗಂ ಪಕ್ಕದಲ್ಲೇ ಕೂತರು. ಅರ್ಧವಾರ್ಷಿಕದಲ್ಲಿ ಕನ್ನಡ, ವಿಜ್ಞಾನ ಪಾಸಾದವು. ಗಣಿತ ಹೋಯಿತು. ಆ ಹೊತ್ತಿಗೆ ಮೂರು ಲ್ಯಾಪ್‌ಟಾಪು ಕೆಟ್ಟು ಕೂತಿದ್ದವು. ಇನ್ನು ಕೆಲವು ಮಕ್ಕಳು ಹಾಡು ನೋಡುವುದು ಬಿಟ್ಟು ಬೇರೇನೂ ಕಲಿತಿರಲಿಲ್ಲ.

"ನೀವೇ ಏಳಿ ಮೇಡಂ, ಇವುಗಳಿಂದ ಐಕ್ಳು ಕಲಿತಾವಾ?" ಶಿವಲಿಂಗಯ್ಯ ಕೇಳಿದ.

"ನೀನ್ ಮಿಷನ್ನಿಂದ ಕಲ್ತ್ಯಾ, ಸಾಹೇಬ್ರಿಂದ ಕಲ್ತ್ಯಾ?"

ಅವನು ನಕ್ಕ. "ಇಬ್ರಿಂದ್ಲೂ ಮೇಡಂ. ಮಿಷನ್ ಇಲ್ದಿದ್ರೆ ಸಾಹೇಬ್ರು ನನ್ ಕೈಗೆ ಏನ್ ಕೊಡೋರು?"

ಅಖ್ತರ್ ಬೇಗಂಗೆ ಆ ಉತ್ತರ ತಾನು ಕೊಡಬೇಕೆಂದಿದ್ದ ಉತ್ತರಕ್ಕಿಂತ ಹೆಚ್ಚು ಹಿಡಿಸಿತು.

ಈಗಲೂ ಮಂಗಳವಾರ, ಶುಕ್ರವಾರ ಅವರು ಹೋಗುತ್ತಾರೆ. ಮೊನ್ನೆ ಚಿನ್ನು, "ಮಿಸ್, ಇವತ್ತು ನೀವ್ ನಿಮ್ ಕತೆ ಏಳಿ, ನಾನ್ ಒತ್ತೀನಿ," ಅಂದಳು.

ಏನು ಹೇಳುವುದು? ಅವಳ ಪಕ್ಕ ಕೂತು ಶುರುಮಾಡಿದರು. ನಾಗಮಂಗಲದಿಂದ ಮದುವೆಯಾಗಿ ಬಂದಾಗ ತನಗೆ ಹದಿನೆಂಟು. ಮೂರನೇ ದಿನ ಗಂಡ ಮಹಡಿಗೆ ಕರೆದುಕೊಂಡು ಹೋಗಿ, ಮಿಷನ್ನಿನ ಮುಂದಿನ ಖಾಲಿ ಕುರ್ಚಿ ಎಳೆದು, ಕೂತ್ಕೋ ಅಂದರು. ಹೊಸ ಮದುವಣಗಿತ್ತಿ, ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಈ ಮಾತನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. ಚಿನ್ನುವಿನ ಬೆರಳುಗಳು ನಿಂತವು.

"ಆಮ್ಯಾಕೆ ಮಿಸ್? ಕೂತ್ಕಂಡ್ರಾ?"