ದೊಡ್ಡವ್ವನ ಮಾಳಿಗೆಯ ಹುಲ್ಲು

ಹೋದ ವಾರ ಅಂಗಡಿಯಲ್ಲಿ ಕಳೆನಾಶಕದ ಡಬ್ಬಿಯೊಂದು ಸೋರಿತ್ತು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಅದರ ವಾಸನೆ ಮೂಗಿಗೆ ಬಡಿಯಿತು. ಸವಣೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ, ಗೊಬ್ಬರ, ಔಷಧಿ ಮಾರುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಇಂಥ ವಾಸನೆ ನನಗೇನೂ ಹೊಸದಲ್ಲ. ನಮ್ಮ ಕಡೆಯ ರೈತರು ಇದಕ್ಕೆಲ್ಲ ಎಣ್ಣಿ ಎನ್ನುತ್ತಾರೆ. ಹುಳದ ಎಣ್ಣಿ, ಕಸದ ಎಣ್ಣಿ. ದಿನವಿಡೀ ಅದರ ನಡುವೆಯೇ ಕೂತು ಚಹಾ ಕುಡಿಯುತ್ತೇನೆ, ಚುರುಮುರಿ ತಿನ್ನುತ್ತೇನೆ. ಆದರೆ ಈ ಕಸದ ಎಣ್ಣಿಯ ವಾಸನೆ ಹೀಗೆ ಒಮ್ಮೆಲೇ ಬಂದಾಗ ಮಾತ್ರ ಪಕ್ಕದ ಮನೆಯ ದೊಡ್ಡವ್ವ ಕಣ್ಣ ಮುಂದೆ ನಿಲ್ಲುತ್ತಾಳೆ... ನೆಲ ಒರೆಸುತ್ತ ಅವತ್ತು ದೇವರಿಗೆ ಊದಿನಕಡ್ಡಿ ಹಚ್ಚುವುದನ್ನೂ ಮರೆತೆ.

ದೊಡ್ಡವ್ವ ನನಗೆ ರಕ್ತಸಂಬಂಧಿಯಲ್ಲ. ಇಡೀ ಓಣಿಯೇ ಹಾಗೆ ಕರೆಯುತ್ತಿತ್ತು. ಗಂಡ ಬೇಗ ತೀರಿಕೊಂಡಿದ್ದರು. ಮಗಳು ಶಿಗ್ಗಾವಿಯ ಆಸ್ಪತ್ರೆಯಲ್ಲಿ ನರ್ಸ್. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತಿದ್ದಳು. ದೊಡ್ಡವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಅವಳ ರೊಟ್ಟಿಯ ಸಪ್ಪಳ ಕೇಳಿಯೇ ನಾನು ಏಳುತ್ತಿದ್ದೆ.

ಅವಳದು ಮಣ್ಣಿನ ಮಾಳಿಗೆಯ ಮನೆ. ದಪ್ಪ ತೊಲೆಗಳು, ಅವುಗಳ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಮತ್ತು ಬೇವಿನ ಸೊಪ್ಪು, ಎಲ್ಲಕ್ಕಿಂತ ಮೇಲೆ ಮೊಳದಷ್ಟು ದಪ್ಪ ಮಣ್ಣು. ಓಣಿಯ ಒಂದು ಸಾಲಿನ ಮನೆಗಳೆಲ್ಲ ಹೀಗೇ, ಗೋಡೆಗೆ ಗೋಡೆ ಹತ್ತಿಕೊಂಡು ಇದ್ದವು. ಈ ತುದಿಯಿಂದ ಆ ತುದಿಗೆ ಮಾಳಿಗೆಯ ಮೇಲೇ ನಡೆದು ಹೋಗಬಹುದಿತ್ತು. ನಡುವೆ ನನ್ನದೊಂದೇ ಆರ್‌ಸಿಸಿ ಮನೆ. ಅದರ ಬಗ್ಗೆ ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಬೇಸಿಗೆಯ ಮಧ್ಯಾಹ್ನ ಆ ಹೆಮ್ಮೆಯ ಮನೆಯೊಳಗೆ ಕೂರಲಾಗದೆ, ದಿಂಬು ಬಗಲಲ್ಲಿಟ್ಟುಕೊಂಡು ದೊಡ್ಡವ್ವನ ಪಡಸಾಲೆಗೆ ಹೋಗಿ ಮಲಗುತ್ತಿದ್ದೆ. "ಬಾರಪಾ ಸಾವ್ಕಾರ, ನಿನ್ನ ಹಂಚಿನ ಮ್ಯಾಲೆ ರೊಟ್ಟಿ ಆದಿಯೇನು?" ಎಂದು ನಗುತ್ತಿದ್ದಳು.

ಮಳೆಗಾಲಕ್ಕೆ ಮುಂಚೆ ಹಳ್ಳದ ದಂಡೆಯಿಂದ ಬಿಳಿಯ ಕರ್ಲ ಮಣ್ಣು ತರಿಸಿ ಎಲ್ಲರೂ ಮಾಳಿಗೆಗೆ ಹರವುತ್ತಿದ್ದರು. ಮಳೆ ಬಿದ್ದ ಮೇಲೆ ಅದು ಗಟ್ಟಿಯಾಗಿ ಕೂತು ನೀರು ಇಳಿಯಗೊಡುವುದಿಲ್ಲ. ಆಮೇಲೆ ಹುಲ್ಲು ಹುಟ್ಟುತ್ತದೆ. ಉಳಿದವರು ಅದನ್ನು ಬೇರುಸಹಿತ ಕಿತ್ತು ಹಾಕುತ್ತಿದ್ದರು. ದೊಡ್ಡವ್ವ ಮಾತ್ರ ಕೀಳಗೊಡುತ್ತಿರಲಿಲ್ಲ. ಮಹಾನವಮಿ ಹೊತ್ತಿಗೆ ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಕೊಯ್ದು, ಹಿಂದಿನ ಓಣಿಯ ಎಮ್ಮೆಗೆ ಕಳಿಸುತ್ತಿದ್ದಳು. "ಬೇರು ಮಣ್ಣ ಹಿಡಕೊಂಡಿರತಾವು. ಅವನ್ನ ಯಾಕ ಕೀಳಬೇಕು?" ಎನ್ನುತ್ತಿದ್ದಳು.

ಆ ಹುಲ್ಲಿನಲ್ಲಿ ಏನೇನಿರಲಿಲ್ಲ... ಗುಬ್ಬಿಗಳು, ತೆನೆಗೆ ಜೋತುಬೀಳುವ ಪುಟ್ಟ ರಾಟವಾಳ ಹಕ್ಕಿಗಳು, ಪಾತರಗಿತ್ತಿಗಳು, ತಲೆಯಾಡಿಸುವ ಓತಿಕ್ಯಾತ. ಎಲ್ಲಕ್ಕಿಂತ ಮುಖ್ಯ ಟಿಟವಿ ಹಕ್ಕಿಯ ಜೋಡಿ. ಉದ್ದ ಹಳದಿ ಕಾಲಿನ ಟಿಟ್ಟಿಭವನ್ನು ನಮ್ಮ ಕಡೆ ಟಿಟವಿ ಎನ್ನುತ್ತಾರೆ. ಪ್ರತಿ ವರ್ಷ ಮಾಳಿಗೆಯ ಮೂಲೆಯಲ್ಲಿ ಹರಳುಗಳ ನಡುವೆ ನಾಲ್ಕು ಮೊಟ್ಟೆ ಇಡುತ್ತಿತ್ತು. ಊರಿನವರು ನವಿಲು ನೋಡಲು ಮಕ್ಕಳನ್ನು ಕರೆದುಕೊಂಡು ಬಂಕಾಪುರಕ್ಕೆ ಹೋಗುತ್ತಿದ್ದರು; ನನಗೆ ನನ್ನ ಮನೆಯ ಕಟ್ಟೆಗೆ ಮೊಣಕೈ ಊರಿ ನಿಂತರೆ ಸಾಕಾಗುತ್ತಿತ್ತು. ಅದು ಕೂಗಿದರೆ ಅಪಶಕುನ ಎಂದು ಎದುರು ಮನೆಯವರು ತಕರಾರು ತೆಗೆದಾಗ ದೊಡ್ಡವ್ವ ಅಂದದ್ದು ನೆನಪಿದೆ. "ಅದಕ್ಕ ಅದರ ತತ್ತಿ ಚಿಂತಿ ಹತ್ತೇತಿ. ನಿಮ್ಮ ಚಿಂತಿ ಮಾಡಾಕ ಅದಕ್ಕೇನ ಪುರಸೊತ್ತೈತಿ?"

ಆ ವರ್ಷ ದೊಡ್ಡವ್ವನ ಮೊಣಕಾಲು ಹಿಡಿದುಕೊಂಡವು. ನಿಚ್ಚಣಿಕೆ ಹತ್ತಲಾಗಲಿಲ್ಲ, ಕರ್ಲ ಮಣ್ಣು ಹಾಕಿಸುವುದೂ ತಪ್ಪಿತು. ಹುಲ್ಲು ಮೊಣಕಾಲುದ್ದ ಬೆಳೆಯಿತು. ಅದೇ ಹೊತ್ತಿಗೆ ನಾನು ಮನೆಗೆ ಹೊಸ ಬಣ್ಣ ಹೊಡೆಸಿದ್ದೆ. ನಡುವಿನ ಗೋಡೆಗೆ ತೇವ ಏರಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಆ ಹುಲ್ಲಿನಿಂದಲೇ ಹೀಗಾಗಿದೆ ಎಂದು ನನ್ನ ಹೆಂಡತಿ ದಿನಾ ಗೊಣಗುತ್ತಿದ್ದಳು. ನನಗೂ ಹಾಗೇ ಅನಿಸಿತು. ದೊಡ್ಡವ್ವನ ಮುಂದೆ ಆ ಮಾತು ಎತ್ತುವ ಧೈರ್ಯ ಮಾತ್ರ ಆಗಲಿಲ್ಲ. ಅವಳ ಪಡಸಾಲೆಯ ತಂಪಿನಲ್ಲಿ ಎಷ್ಟು ಬೇಸಿಗೆ ಕಳೆದಿದ್ದೆ.

ಅಷ್ಟರಲ್ಲಿ ಹಿರೇಕೆರೂರಿನಲ್ಲಿದ್ದ ಅವಳ ತಂಗಿಯ ಮನೆಯಲ್ಲಿ ಬಾಣಂತನ ಬಂತು. ಮಗಳನ್ನೂ ಕರೆದುಕೊಂಡು ಹೊರಟ ದೊಡ್ಡವ್ವ ಕೀಲಿಕೈ ನನ್ನ ಕೈಗೆ ಕೊಟ್ಟಳು. "ಹದಿನೈದು ದಿನ ಆಕ್ಕೈತಿ. ಮಳಿ ಬಂದ್ರ ಬೆಳಕಿಂಡಿ ಮುಚ್ಚು. ಟಿಟವಿ ತತ್ತಿ ಇಟ್ಟೈತಿ, ಬೆಕ್ಕು ಹೋಗದಂಗ ನೋಡು" ಎಂದಳು.

ಅವಳು ಹೋದ ಎರಡನೇ ದಿನ ನಾನು ಅಂಗಡಿಯಿಂದ ಸಿಂಪಡಿಸುವ ಪಂಪು ಮತ್ತು ಕಸದ ಎಣ್ಣಿ ತಂದೆ. ಯಾರೂ ಹೇಳಿರಲಿಲ್ಲ. ಗೋವಿನಜೋಳದ ಹೊಲಗಳಿಗೆ ಎಷ್ಟು ಜನರಿಗೆ ಸಲಹೆ ಕೊಟ್ಟವನು, ಒಂದು ಮಾಳಿಗೆಗೆ ಅಂಜುತ್ತೇನೆಯೇ? ಮುದುಕಿಗೆ ಕೊಯ್ಯುವ ಕಷ್ಟ ತಪ್ಪುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಗೋಡೆಯ ಬಣ್ಣದ ವಿಷಯವನ್ನು ಮನಸ್ಸಿಗೂ ಹೇಳಲಿಲ್ಲ. ಟಿಟವಿಗಳು ಕಿರುಚುತ್ತ ನನ್ನ ತಲೆಯ ಮೇಲೇ ಎರಗಿದವು. ಪಂಪಿನ ಕೋಲು ಬೀಸಿ ಓಡಿಸಿದೆ. ಮೊಟ್ಟೆಗಳ ಸುತ್ತ ಎರಡು ಹೆಜ್ಜೆ ಜಾಗ ಬಿಟ್ಟು ಸಿಂಪಡಿಸಿದೆ. ಎಂಥ ದಯಾವಂತ ನೋಡಿ ನಾನು.

ಎಂಟು ದಿನಕ್ಕೆ ಹುಲ್ಲು ಹಳದಿಯಾಯಿತು. ಆಮೇಲೆ ಪೂರ್ತಿ ಬಾಡಿ ನೆಲಕ್ಕೆ ಮಲಗಿತು. ಮರೆಯೇ ಇಲ್ಲದಂತಾಗಿ ಕಾಗೆಗಳು ಮೊಟ್ಟೆಗಳನ್ನು ಕಂಡುಕೊಂಡವು. ನಾನು ಅಂಗಡಿಗೆ ಹೊರಟಾಗ ನಾಲ್ಕಿದ್ದವು, ಮಧ್ಯಾಹ್ನ ಊಟಕ್ಕೆ ಬಂದಾಗ ಒಂದೂ ಇರಲಿಲ್ಲ. ಆ ಜೋಡಿ ಎರಡು ದಿನ ಅಲ್ಲೇ ಓಡಾಡಿತು... ಮೂರನೇ ದಿನ ಕಾಣಲಿಲ್ಲ.

ದೊಡ್ಡವ್ವ ಬಂದ ಮರುದಿನವೇ ಆಶ್ಲೇಷ ಮಳೆ ಹಿಡಿಯಿತು. ಬೇರು ಸತ್ತ ಮಣ್ಣು ಮಾಳಿಗೆಯ ನೀರು ಹೋಗುವ ದೋಣಿಯಿಂದ ರಾಡಿಯಾಗಿ ಓಣಿಗೆ ಸುರಿಯಿತು. ಅಡುಗೆಮನೆಯ ಮೇಲೆ ಸೋರತೊಡಗಿ, ಮೂರನೇ ದಿನ ಮುಂಜಾನೆ ಒಲೆಯ ಹತ್ತಿರದ ಎರಡು ಜಂತಿಗಳು ಮುರಿದು ಬಿದ್ದವು. ಪುಣ್ಯಕ್ಕೆ ದೊಡ್ಡವ್ವ ಹಿತ್ತಲಲ್ಲಿದ್ದಳು. ನಾನು ತಾಡಪತ್ರಿ ಹಿಡಿದುಕೊಂಡು ಅವಳ ಮಾಳಿಗೆಗೆ ಓಡಿದೆ. ಮಗಳ ಆಸರೆಯಲ್ಲಿ, ನಿಚ್ಚಣಿಕೆಯ ಒಂದೊಂದೇ ಮೆಟ್ಟಿಲು ಏರಿ ದೊಡ್ಡವ್ವ ಮಾಳಿಗೆಯ ಮೇಲೆ ಬಂದಳು. ಒಂದು ಹಿಡಿ ಸತ್ತ ಹುಲ್ಲು ಎತ್ತಿದಳು. ಬೇರೂ ಕೂಡ ಕೈಗೇ ಬಂತು.

"ಹುಲ್ಲು ಯಾಕ ಹಿಂಗಾತೋ? ಮಳಿಗಾಲದಾಗ ಯಾರರ ಒಣಗಿದ್ದು ನೋಡ್ಯಾರೇನು? ನಿನಗ ಗೊತ್ತಿರಬೇಕು, ನಿಂದು ಅದ ಧಂದೆ" ಎಂದಳು.

ನನ್ನನ್ನು ಅನುಮಾನಿಸಿ ಕೇಳಿದ್ದಲ್ಲ. ತಿಳಿದವನು ಎಂದು ನಂಬಿ ಕೇಳಿದ್ದಳು. ಆಗ ಹೇಳಿಬಿಟ್ಟಿದ್ದರೆ ಬೈಯುತ್ತಿದ್ದಳು, ಅಷ್ಟೇ. ನನ್ನ ಬಾಯಿಯಿಂದ ಬಂದದ್ದು ಬೇರೆ. "ಮಣ್ಣಿಗೆ ಏನೋ ರೋಗ ಬಿದ್ದೈತಿ ದೊಡ್ಡವ್ವಾ."

"ಆಜೂಬಾಜೂ ಮಾಳಿಗಿಗೆ ಹತ್ತತೈತೇನು?"

"ಹತ್ತಿದ್ರ ಹತ್ತಬಹುದು" ಎಂದೆ. ಸುಳ್ಳು ಹೇಳಿದ ಮೇಲೆ ಅದನ್ನು ಗಟ್ಟಿ ಮಾಡಬೇಕಲ್ಲ.

ದೊಡ್ಡವ್ವ ಮನೆ ಮನೆಗೂ ಹೋಗಿ ಹೇಳಿದಳು, ತನ್ನ ಮಾಳಿಗೆಯ ಮಣ್ಣಿಗೆ ರೋಗ ಬಂದಿದೆ, ಹುಷಾರಾಗಿರಿ ಎಂದು. ತನ್ನಿಂದ ಇನ್ನೊಬ್ಬರ ಮನೆ ಸೋರಬಾರದು ಎಂಬ ಒಂದೇ ಚಿಂತೆ ಅವಳಿಗೆ. ಉಳಿದಿದ್ದ ಮಣ್ಣನ್ನೆಲ್ಲ ಕೆರೆಸಿ, ಟ್ರ್ಯಾಕ್ಟರಿನಲ್ಲಿ ಊರ ಹೊರಗೆ ಹಾಕಿಸಿದಳು. ಅವಳಜ್ಜಿಯ ಕಾಲದಿಂದ ವರ್ಷಾವರ್ಷ ಪದರಪದರವಾಗಿ ಬಿದ್ದ ಮಣ್ಣು ಅದು. ಮೇಲೆ ತಗಡು ಹೊದಿಸಿದರು. ಅವಳನ್ನು ನೋಡಿ ಅಂಜಿ ಓಣಿಯ ಉಳಿದವರೂ ಒಬ್ಬೊಬ್ಬರಾಗಿ ಮಣ್ಣು ಇಳಿಸಿದರು. ನಾಲ್ಕೈದು ಮಳೆಗಾಲಗಳಲ್ಲಿ ಇಡೀ ಸಾಲು ತಗಡು, ಸ್ಲ್ಯಾಬು ಆಯಿತು. ನಾನು ಹೊಡೆದ ಎಣ್ಣಿ ಕೊಂದದ್ದು ಒಂದು ಮಾಳಿಗೆಯ ಹುಲ್ಲನ್ನು. ಉಳಿದದ್ದನ್ನೆಲ್ಲ ಆ ಒಂದು ಮಾತು ಕೊಂದಿತು.

ತಗಡಿನ ಕೆಳಗೆ, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು ದೊಡ್ಡವ್ವನಿಂದ ಆಗಲಿಲ್ಲ. ಮೊದಲ ಬೇಸಿಗೆಯಲ್ಲೇ ಎರಡು ಸಲ ತಲೆಸುತ್ತಿ ಬಿದ್ದಳು. ಮಗಳು ಶಿಗ್ಗಾವಿಯಲ್ಲಿ ಬಾಡಿಗೆ ಮನೆ ಹಿಡಿದಳು. ಸಾಮಾನು ಏರಿಸುವ ದಿನ ದೊಡ್ಡವ್ವ ನನ್ನ ಕೈ ಹಿಡಿದು, "ನಂದ ತಪ್ಪಪಾ. ಆ ವರ್ಷ ಮಣ್ಣ ಹಾಕಿಸಿದ್ರ ರೋಗ ಬರತಿರಲಿಲ್ಲೇನೋ. ನೀ ಮಾತ್ರ ಭಾಳ ಓಡ್ಯಾಡಿದಿ" ಎಂದಳು. ನಾನು ತಲೆ ಅಲ್ಲಾಡಿಸಿದೆ. ಅದು ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ.

ಹುಲಗೂರಿನ ಕಡೆ ಗಿರಾಕಿಗಳ ಹೊಲ ನೋಡಲು ಹೋದಾಗಲೆಲ್ಲ, ಶಿಗ್ಗಾವಿಗೆ ಹೋಗಿ ಹೇಳಿಬರಬೇಕು ಎಂದುಕೊಳ್ಳುತ್ತಿದ್ದೆ. ಇವತ್ತು ಹೊತ್ತಾಯಿತು, ಮುಂದಿನ ವಾರ... ಹೀಗೇ ಮೂರು ವರ್ಷ ಕಳೆಯಿತು. ಕೊನೆಗೆ ಹೋದದ್ದು ಅವಳ ಮಣ್ಣಿಗೆ. ಒಂದು ಹಿಡಿ ಮಣ್ಣು ಹಾಕಿ ಅಲ್ಲೇ ಕೂತುಬಿಟ್ಟೆ. ಮಗಳು ನನ್ನನ್ನೇ ಸಮಾಧಾನ ಮಾಡಿದಳು.

ಡಬ್ಬಿ ಸೋರಿದ ದಿನವೇ, ನೆಲ ಇನ್ನೂ ಹಸಿಯಿರುವಾಗಲೇ ಪರಿಚಯದ ಒಬ್ಬರು ಅಂಗಡಿಗೆ ಬಂದರು. ಹಾನಗಲ್ಲಿನಲ್ಲಿ ಅವರ ಹಿರಿಯರ ಮನೆಯಿದೆ, ಅದರದೂ ಮಣ್ಣಿನ ಮಾಳಿಗೆ. "ಮ್ಯಾಲೆ ಹುಲ್ಲು ಭಾಳ ಬೆಳದೈತ್ರಿ. ಗುಬ್ಬಿ ಕಾಟ ಬ್ಯಾರೆ. ಚಲೋ ಎಣ್ಣಿ ಒಂದ ಕೊಡ್ರಿ" ಎಂದರು.

ಬೆನ್ನ ಹಿಂದಿನ ಹಲಗೆಯ ಮೇಲೆ ಡಬ್ಬಿಗಳು ಸಾಲಾಗಿದ್ದವು. ಖಾಲಿಯಾಗಿದೆ ಎಂದು ಹೇಳಿ ಕಳಿಸಬಹುದಿತ್ತು; ಅವರು ಪಕ್ಕದ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಸ್ಟೂಲು ಎಳೆದು, "ಕುಂತ್ರಿ, ಒಂದ ಮಾತ ಹೇಳ್ತೇನಿ" ಎಂದೆ. ನನ್ನ ಹೆಂಡತಿಗೂ ಹೇಳದ ಕಥೆಯನ್ನು ಆ ಗಿರಾಕಿಗೆ ಪೂರ್ತಿ ಹೇಳಿದೆ. ಅವರು ಚಹಾ ಕುಡಿದು, ಎಣ್ಣಿ ಬೇಡವೆಂದು ಕುಡುಗೋಲು ಕೊಳ್ಳಲು ಹೋದರು.

ಹೇಳಲು ಇಷ್ಟು ಸುಲಭವಿತ್ತು. ಅರ್ಧ ಕಪ್ ಚಹಾ ಮುಗಿಯುವಷ್ಟರಲ್ಲಿ ಮುಗಿದೇಹೋಯಿತು. ಕೇಳಬೇಕಾದವಳು ಮಾತ್ರ ತನ್ನದೇ ತಪ್ಪೆಂದು ನಂಬಿಕೊಂಡೇ ಹೋಗಿಬಿಟ್ಟಳು.