ಮೊದಲ ಸಾಲಿನಲ್ಲಿ ಗಣಿತ

ನನ್ನ ಹೆಗಲ ಮೇಲಿನ ಬೈರಾಸನ್ನು ನೀವು ಬೆವರೊರಸುವ ಬಟ್ಟೆಯೆಂದು ತಿಳಿದರೆ ಅದು ನಿಮ್ಮ ತಪ್ಪಲ್ಲ. ನೀವು ಬಂದರಿನಲ್ಲಿ ಕರಿಮೆಣಸು ಮಾರಿದವರಲ್ಲ, ಅಷ್ಟೆ. ಅಲ್ಲಿ ನಾವು ದಲ್ಲಾಳಿಗಳು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಬೈರಾಸಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಒತ್ತಿ ಒತ್ತಿ ಏರಿಸುತ್ತೇವೆ, ಇಳಿಸುತ್ತೇವೆ. ಮೇಲೆ ಮಾತ್ರ ಸೆಖೆ, ನೆಂಟರು, ಮಕ್ಕಳ ಕೆಮ್ಮು ಎಂದು ಲೋಕಾಭಿರಾಮ ಸಾಗಿರುತ್ತದೆ. ಬರಿಗೈಯಲ್ಲಿ ಊರಿಗೆ ಬಂದ ನಾನು ಮೂವತ್ತು ವರ್ಷ ಹೀಗೆ ಬೆರಳು ಒತ್ತಿ ಜೆಪ್ಪುವಿನಲ್ಲಿ ಹಂಚಿನ ಮನೆ ಕಟ್ಟಿದವನು. ಆದ್ದರಿಂದ ಲೋಕಕ್ಕೆ ಬುದ್ಧಿ ಹೇಳುವ ಹಕ್ಕು ನನಗೆ ಉಂಟು. ಇಲ್ಲವೆನ್ನುವವರು ಮೊದಲು ಒಂದು ಮನೆ ಕಟ್ಟಲಿ.

ಭೌತಶಾಸ್ತ್ರ, ಗಣಿತ ಓದಹೊರಟ ಮಕ್ಕಳಿಗೆ ನಾಲ್ಕು ಮಾತು ಹೇಳುವುದು ಈ ಬರಹದ ಉದ್ದೇಶ. ನನಗೆ ಎರಡೂ ಬಾರದು. ಉಪದೇಶಕ್ಕೆ ಅದೊಂದು ಅಡ್ಡಿಯೆಂದು ನಮ್ಮೂರಿನಲ್ಲಿ ಯಾರೂ ಇದುವರೆಗೆ ಎಣಿಸಿದ್ದಿಲ್ಲ.

ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಅಕ್ಕನ ಮಗಳ ವಿದ್ಯೆ, ವಿವಾಹ ಎಲ್ಲವೂ ಸೋದರಮಾವನ ಹೊಣೆ. ನನ್ನ ಅಕ್ಕನ ಮಗಳು ಗಿರಿಜೆ ಇಂಟರ್‌ಮೀಡಿಯೆಟ್ ಮುಗಿಸಿದವಳು, ಒಂದು ಬೆಳಿಗ್ಗೆ ನೀರುದೋಸೆಯ ತಟ್ಟೆ ನನ್ನೆದುರು ಇಡುತ್ತ, ಮದರಾಸಿಗೆ ಹೋಗಿ ಭೌತಶಾಸ್ತ್ರದ ಆನರ್ಸ್ ಓದುತ್ತೇನೆ ಎಂದಳು.

"ಅದರಲ್ಲಿ ಎಂತ ಉಂಟು?" ಎಂದೆ.

"ಎಲೆಕ್ಟ್ರಾನ್ ಅಂತ ಒಂದು ಕಣ ಉಂಟು ಮಾವ. ಅದು ಎಲ್ಲಿದೆ ಎಂದು ಸರಿಯಾಗಿ ಹಿಡಿಯಲಿಕ್ಕೆ ಹೋದರೆ ಎಷ್ಟು ವೇಗ ಎನ್ನುವುದು ಜಾರುತ್ತದೆ. ವೇಗ ಹಿಡಿದರೆ ಜಾಗ ಜಾರುತ್ತದೆ. ಅಳೆದು ನೋಡುವವರೆಗೆ ಅದು ಇಂಥಲ್ಲೇ ಉಂಟು ಎನ್ನುವ ಹಾಗಿಲ್ಲ."

ನಾನು ಗಟ್ಟಿಯಾಗಿ ನಕ್ಕೆ. "ಇದಕ್ಕೆ ಮದರಾಸಿಗೆ ಯಾಕೆ ಮಾರಾಯ್ತಿ? ಬಂದರಿಗೆ ಬಾ. ಬೈರಾಸು ಎತ್ತುವವರೆಗೆ ಮೆಣಸಿನ ದರವೂ ಇಷ್ಟೇ ಎನ್ನುವ ಹಾಗಿಲ್ಲ."

"ಹಾಗಲ್ಲ ಮಾವ. ಬೈರಾಸಿನ ಕೆಳಗಿನ ದರ ನಿಮಗೆ ಗೊತ್ತುಂಟು; ಹೊರಗಿನವರಿಗೆ ಮಾತ್ರ ಗೊತ್ತಿಲ್ಲ. ಇಲ್ಲಿ ಯಾರೋ ಅಡಗಿಸಿಟ್ಟದ್ದಲ್ಲ. ತಿಳಿಯಲಿಕ್ಕೆ ಬಟ್ಟೆಯ ಕೆಳಗೆ ದರವೇ ಇಲ್ಲ."

ಮೂವತ್ತು ವರ್ಷದಲ್ಲಿ ನನ್ನ ಮಾತನ್ನು ಇಷ್ಟು ಸಲೀಸಾಗಿ ಮುರಿದವರು ಯಾರೂ ಇಲ್ಲ. ಅದನ್ನು ತೋರಗೊಡದೆ ಇನ್ನೊಂದು ದೋಸೆ ಕೇಳಿದೆ.

ಆದರೂ ಸರಕು ನೋಡದೆ ಒಪ್ಪುವವನಲ್ಲವಷ್ಟೆ ನಾನು! ಅವಳಿಗೆ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿದ ಭಟ್ಟರು ಹಂಪನಕಟ್ಟೆಯ ಹಿಂದೆ ಒಂದು ಬಿಡಾರದಲ್ಲಿದ್ದರು. ಪೂಜೆಯ ಮನೆತನದವರು, ಕೊರಳ ಜನಿವಾರದಲ್ಲಿ ಪ್ರಯೋಗಶಾಲೆಯ ಬೀಗದ ಕೈ ನೇತಾಡುತ್ತಿತ್ತು. ನೇರ ವ್ಯಾಪಾರಕ್ಕೆ ಇಳಿದೆ.

"ಭಟ್ರೇ, ನಿಮ್ಮ ಈ ಶಾಸ್ತ್ರ ಎಷ್ಟು ವರ್ಷ ಬಾಳಿಕೆ ಬರ್ತದೆ?"

"ಹಿಂದಿನದ್ದು ಇನ್ನೂರು ವರ್ಷ ಬಂತು ಶೆಟ್ರೇ. ಇದರದ್ದು ಹೇಳಲಿಕ್ಕಾಗುವುದಿಲ್ಲ. ಎಲ್ಲಿ ತಪ್ಪುತ್ತದೆ ಎಂದು ನಾವೇ ಹುಡುಕ್ತಾ ಇರ್ತೇವೆ."

"ಸರಕಿನ ಹುಳುಕನ್ನು ಮಾರುವವನೇ ಹುಡುಕುವುದಾ? ಮತ್ತೆ ನಿಮ್ಮ ಅಂಗಡಿ ಹೇಗೆ ನಡೀತದೆ?"

"ಅದರಿಂದಲೇ ನಡೀತದೆ," ಎಂದರು ಆ ಪುಣ್ಯಾತ್ಮರು, ಹೆಮ್ಮೆಯಿಂದ.

ಅವರು ಗಿರಿಜೆಗೆ ಹೇಳಿದ ಬುದ್ಧಿಮಾತುಗಳನ್ನೂ ಅಲ್ಲೇ ಕೇಳಿದೆ. ಸೂತ್ರ ಬಾಯಿಪಾಠ ಮಾಡಬೇಡ, ಅದು ಎಲ್ಲಿಂದ ಹುಟ್ಟಿತೆಂದು ನೀನೇ ಕಾಗದದ ಮೇಲೆ ಹುಟ್ಟಿಸಿ ನೋಡು. ಗಣಿತವನ್ನು ಹಪ್ಪಳದ ಹಾಗೆ ಬದಿಗಿಡಬೇಡ, ಊಟವೇ ಅದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು. ಎಂಥ ಅಪಾಯಕಾರಿ ಉಪದೇಶ ನೋಡಿ! ಪ್ರಿಯ ವಿದ್ಯಾರ್ಥಿಗಳೇ, ನೀವು ಮಾತ್ರ ಸೂತ್ರವನ್ನು ಹಾಗೆಯೇ ನುಂಗಿ ಪರೀಕ್ಷೆಯ ದಿನ ಹಾಗೆಯೇ ಕಕ್ಕಿರಿ. ಕಚೇರಿಗಳಲ್ಲಿ ಕುರ್ಚಿಗಳು ನಿಮಗಾಗಿಯೇ ಕಾದಿವೆ. ಗೊತ್ತಿಲ್ಲ ಎಂದು ಮಾತ್ರ ಎಂದಿಗೂ ಹೇಳಬೇಡಿ. ಹಾಗೆ ಹೇಳಿದವರು ನಮ್ಮೂರಿನಲ್ಲಿ ಮುನಿಸಿಪಾಲಿಟಿ ಮೆಂಬರಾದದ್ದು ನಾನು ಕಂಡಿಲ್ಲ.

ಬಿಡಾರದ ಮೆಟ್ಟಿಲು ಇಳಿಯುವಾಗ ನನ್ನ ಮನಸ್ಸು ಒಪ್ಪಿಯಾಗಿತ್ತು. ತನ್ನ ಸರಕಿನ ಹುಳುಕನ್ನು ಇಷ್ಟು ಸಂತೋಷದಿಂದ ಹೇಳುವ ಅಂಗಡಿಯಲ್ಲಿ ಮೋಸ ಇರಲಾರದು. ಮನೆಗೆ ಬಂದು ಗಿರಿಜೆಗೆ "ಹೋಗು" ಎಂದೆ. ಅವಳು ಅಡಿಗೆಮನೆಗೆ ಹೋಗಿ ಅಮ್ಮನನ್ನು ಅಪ್ಪಿಕೊಂಡ ಸದ್ದು ಕೇಳಿಸಿತು, ಬಳೆಗಳದ್ದು.

ಇಲ್ಲಿಯವರೆಗೆ ಎಲ್ಲವೂ ಸರಿ ಇತ್ತು. ಮುಂದಿನದ್ದಕ್ಕೆ ನನ್ನ ಜಾಣತನ ಬೇಕಾಯಿತು.

ಮದರಾಸಿನಿಂದ ಅರ್ಜಿಯ ಕಾಗದ ಬಂತು. ಗಿರಿಜೆ ಕೆಳಗೆ ಸಹಿ ಹಾಕಿ, "ಮಾವ, ಭೌತಶಾಸ್ತ್ರ ಅಂತ ಬರೆಯಿರಿ," ಎಂದು ನನ್ನ ಕೈಗಿತ್ತಳು. ಹಡಗಿನ ಕಚೇರಿಗೆ ಬರೆದು ಬರೆದು ಪಳಗಿದ ನನ್ನ ಇಂಗ್ಲಿಷು ಅಕ್ಷರ ದುಂಡಗೆ. ಅರ್ಜಿಯಲ್ಲಿ ಎರಡು ಸಾಲು ಖಾಲಿ ಇದ್ದವು: ಬೇಕಾದ ವಿಷಯ, ಅದು ಸಿಗದಿದ್ದರೆ ಇನ್ನೊಂದು. ನೀವೇ ಹೇಳಿ, ಬಂದರಿನಲ್ಲಿ ಬಾಳಿದ ಯಾವನಾದರೂ ನಿಜವಾಗಿ ಬೇಕಾದದ್ದನ್ನು ಮೊದಲು ಹೇಳುತ್ತಾನೆಯೇ? ಮೊದಲ ಬೇಡಿಕೆಯೆಂಬುದು ಎದುರಿನವ ತಳ್ಳಿಹಾಕಿ ಗೆದ್ದೆನೆಂದು ಹಿಗ್ಗಲಿ ಎಂದು ಇಡುವ ವಸ್ತು. ಆಮೇಲೆ ಮುಖ ಸಣ್ಣದು ಮಾಡಿ, "ಹೋಗಲಿ, ಅದಾದರೂ ಕೊಡಿ," ಎಂದು ಬೇಕಾದದ್ದನ್ನು ಎತ್ತಿಕೊಂಡು ಬರುವುದು. ನಾನು ಮೊದಲ ಸಾಲಿನಲ್ಲಿ ಗಣಿತ, ಎರಡನೆಯದರಲ್ಲಿ ಭೌತಶಾಸ್ತ್ರ ಎಂದು ದುಂಡಗೆ ಬರೆದು, ಮದರಾಸಿನವರನ್ನು ಮನಸ್ಸಿನಲ್ಲೇ ಕನಿಕರಿಸುತ್ತ ಅಂಚೆಗೆ ಹಾಕಿದೆ.

ಅವರು ಗಣಿತ ಕೊಟ್ಟರು.

ಗಿರಿಜೆ ಪತ್ರವನ್ನು ಎರಡು ಸಲ ಓದಿದಳು. "ಮಾವ, ನೀವು ಎಂತ ಬರೆದದ್ದು?"

ಹೇಳಿದೆ. ವ್ಯಾಪಾರದ ಮರ್ಮವನ್ನೂ ವಿವರಿಸಿದೆ. "ಮೊದಲು ಕೇಳಿದ್ದನ್ನೇ ಕೊಟ್ಟುಬಿಡುವ ಪೆದ್ದರು ಲೋಕದಲ್ಲಿ ಇದ್ದಾರೆಂದು ನನಗೆ ಹೇಗೆ ಗೊತ್ತಾಗಬೇಕು?" ಎಂದು ತುಸು ಜೋರಾಗಿಯೇ ಕೇಳಿದೆ.

ಅವಳು ಅಳಲಿಲ್ಲ, ಅತ್ತಿದ್ದರೆ ಗದರಿ ಸುಧಾರಿಸುತ್ತಿದ್ದೆ. "ಅವರು ಪೆದ್ದರಲ್ಲ ಮಾವ. ನಾವು ಬರೆದದ್ದನ್ನು ನಂಬಿದ್ದಾರೆ," ಎಂದಳು.

ಮದರಾಸಿಗೆ ಬರೆದು ಕೇಳಿದೆ. ಭೌತಶಾಸ್ತ್ರದ ಜಾಗಗಳು ತುಂಬಿವೆ ಎಂದು ಒಂದೇ ಸಾಲಿನ ಉತ್ತರ ಬಂತು, ಚೌಕಾಸಿಗೆ ಒಂದು ಬಿರುಕೂ ಬಿಡದೆ. ಗಣಿತ ಹಿಡಿದು ಹೋದವಳಿಗೆ ಭೌತಶಾಸ್ತ್ರದ ದಾರಿ ಮುಚ್ಚುವುದಿಲ್ಲ, ಸುತ್ತಾಗುತ್ತದೆ ಎಂದರು ಭಟ್ಟರು. ಎಷ್ಟು ಸುತ್ತು ಎಂದು ಕೇಳಿದೆ. ಗೊತ್ತಿಲ್ಲ ಎಂದರು.

ಜೂನಿನಲ್ಲಿ ಗಿರಿಜೆ ಮದರಾಸಿನ ರೈಲು ಹತ್ತಿದಳು. ದಾರಿಯಲ್ಲಿ ಯಾರನ್ನೂ ನಂಬಬೇಡ ಎಂಬ ಉಪದೇಶ ನನ್ನ ನಾಲಗೆಯ ತುದಿಗೆ ಬಂದು, ಅವಳ ಮುಖ ಕಂಡು ಹಿಂದೆ ಹೋಯಿತು.

ತಿಂಗಳಾದ ಮೇಲೆ ಅವಳ ಕಾಗದ ಬಂತು. ಹಾಸ್ಟೆಲಿನ ಸಾರು, ಮದರಾಸಿನ ಬಿಸಿಲು, ಅಮ್ಮನ ಸೊಂಟನೋವು; ಕೊನೆಗೆ ಇಷ್ಟು: "ಭೌತಶಾಸ್ತ್ರದ ಪ್ರೊಫೆಸರರ ಬಳಿ ಹೋಗಿ, ನಿಮ್ಮ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲೇ ಎಂದು ಕೇಳಿದೆ. ಕುಳಿತುಕೋ ಎಂದರು."

ಆ ಎರಡು ವಾಕ್ಯಗಳ ನಡುವೆ ನಾನು ಬಹಳ ಹೊತ್ತು ದಲ್ಲಾಳಿಗಾಗಿ ಹುಡುಕಿದೆ. ಡಿಗ್ರಿಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆಯೇ, ಅವಳು ಸಂತೋಷದಿಂದ ಬರೆದದ್ದೇ, ನನ್ನನ್ನು ಸಮಾಧಾನ ಮಾಡಲು ಬರೆದದ್ದೇ, ಕಾಗದವನ್ನು ಬೆಳಕಿಗೆ ಹಿಡಿದರೂ ತಿಳಿಯಲಿಲ್ಲ.

ಉತ್ತರ ಬರೆಯಲು ಕುಳಿತೆ. ಪ್ರೊಫೆಸರರನ್ನು ಹೇಗೆ ಒಲಿಸಿಕೊಳ್ಳಬೇಕು, ಬರುವ ವರ್ಷ ಯಾರ ಮೂಲಕ ಹೇಳಿಸಬೇಕು ಎಂದು ಒಂದು ಹಾಳೆ ತುಂಬ ಬುದ್ಧಿ ಹೇಳಿ, ಓದಿ, ಹರಿದೆ. ಇನ್ನೊಂದು ಹಾಳೆ ತೆಗೆದು, "ಗಿರಿಜೆ, ತಪ್ಪು ನನ್ನದು," ಎಂದು ಮೊದಲ ಸಾಲಿನಲ್ಲೇ ಬರೆದೆ. ಎರಡನೆಯ ಸಾಲಿಗೆ ಏನೂ ಉಳಿದಿರಲಿಲ್ಲ.