ತುಟಿ ಓದುವವರ ಕೇರಿ

ಕಳೆದ ವಾರ ಆಫೀಸಿನ ವಿಡಿಯೊ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಸಾಹೇಬರು, ತಮ್ಮ ಮೈಕು ಬಂದ್ ಆಗಿರುವುದನ್ನು ಅರಿಯದೆ, ಒಂದು ನಿಮಿಷ ಭಾವಪೂರ್ಣವಾಗಿ ಭಾಷಣ ಮಾಡಿ ಕೊನೆಗೊಂದು ಪ್ರಶ್ನೆ ಎಸೆದರು; ಉಳಿದ ಹನ್ನೊಂದು ಮಂದಿ ದನಿ ಬರುತ್ತಿಲ್ಲವೆಂದು ಕೈಯಾಡಿಸುತ್ತಿರುವಾಗ ನಾನೊಬ್ಬಳು ಆ ಪ್ರಶ್ನೆಗೆ ಸಾವಧಾನವಾಗಿ ಸವಿವರ ಉತ್ತರ ಹೇಳಿ ಮುಗಿಸಿದೆ. ದನಿ ಇರಲಿಲ್ಲವೆಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಆಮೇಲೆ ಹನ್ನೆರಡು ಚೌಕಗಳೊಳಗಿನ ಹನ್ನೆರಡು ಮುಖಗಳು ನನ್ನನ್ನು ನೋಡಿದ ಬಗೆಯನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ನಿವೃತ್ತಿಗೆ ಮೂರು ವರ್ಷ ಉಳಿದಿರುವ, ಕನ್ನಡಕ ಎಲ್ಲಿಟ್ಟೆನೆಂದು ದಿನಕ್ಕೆ ನಾಲ್ಕು ಬಾರಿ ಹುಡುಕುವ ನನಗೆ, ಸೆಕ್ಟರ್ ಫೈವಿನ ನಮ್ಮ ಆಫೀಸಿನ ತರುಣ ತರುಣಿಯರು ಅಂದಿನಿಂದ ಅತೀಂದ್ರಿಯ ಶಕ್ತಿಯೊಂದನ್ನು ಕರುಣಿಸಿದ್ದಾರೆ.

ಶಕ್ತಿಯೂ ಇಲ್ಲ, ಮಣ್ಣೂ ಇಲ್ಲ. ನಾನು ಬೆಳೆದ ಕೇರಿಯಲ್ಲಿ ತುಟಿ ಓದಲು ಬಾರದವರನ್ನು ಅನಕ್ಷರಸ್ಥರೆಂದೇ ಎಣಿಸುತ್ತಿದ್ದರು. ಆ ಮೀಟಿಂಗಿಗೆ ನಾನು ಕೂತದ್ದು ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ. ಒಳಗೆ ಎಂಬತ್ತನಾಲ್ಕರ ಅಪ್ಪ, ಗಂಟಲಿಗೆ ತೂತು ಕೊರೆದು ನಳಿಕೆ ಇಟ್ಟಿದ್ದರಿಂದ ದನಿ ಕಳೆದುಕೊಂಡು, ಯಂತ್ರದ ಉಸಿರು ಎಳೆಯುತ್ತ ಮಲಗಿದ್ದ. ತುಟಿ ಮಾತ್ರ ಆಡುತ್ತಿತ್ತು. "ಯಂತ್ರ ಮುಂದುವರಿಸೋಣವೇ, ಮನೆಗೆ ಕರೆದೊಯ್ಯುತ್ತೀರಾ, ಅವರನ್ನೇ ಕೇಳಿ ಹೇಳಿ, ಅವರ ಮಾತು ತಿಳಿಯುವುದು ನಿಮಗೊಬ್ಬರಿಗೇ" ಎಂದು ಡಾಕ್ಟರು ನನ್ನ ಹೆಗಲಿಗೆ ಹೊರಿಸಿದ್ದರು. ಮನೆಗೆ ಎಂದರೇನೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅಪ್ಪನನ್ನು ಕಳಿಸಿಕೊಡಲು ನನಗೆ ಮನಸ್ಸಿರಲಿಲ್ಲ, ಇದನ್ನು ಮುಚ್ಚಿಟ್ಟು ಪ್ರಬಂಧ ಬರೆಯಲಾರೆ.

ಬಂಗಾಳದ ಈ ಊರಿನಿಂದ ಹೊಳೆಗುಂಟ ಮೇಲಕ್ಕೆ ಹೋದರೆ ಸೆಣಬಿನ ಗಿರಣಿಗಳ ಸಾಲು. ಬಳ್ಳಾರಿಯ ಕಡೆಯಿಂದ ತೆಲುಗು ಕೂಲಿಗಳ ಗುಂಪಿನೊಂದಿಗೆ ರೈಲು ಹತ್ತಿ ಬಂದ ಅಪ್ಪ ಅಂಥದೊಂದು ಗಿರಣಿಯ ಮಗ್ಗದ ಖಾತೆಯಲ್ಲಿ, ಎಂದರೆ ನೇಯ್ಗೆಯ ವಿಭಾಗದಲ್ಲಿ, ನೇಕಾರನಾದ. ನಮ್ಮ ಒಂಟಿ ಕೋಣೆಯ ಮನೆ ಇದ್ದ ಓಣಿಗೆ ಮದ್ರಾಸಿ ಲೈನ್ ಎಂದು ಹೆಸರು. ನೂರಾರು ಮಗ್ಗಗಳು ಏಕಕಾಲಕ್ಕೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಕಿವಿಯಲ್ಲಿ ಬಾಯಿಟ್ಟು ಕಿರುಚಿದರೂ ಕೇಳದು. ಆದ್ದರಿಂದ ಅಲ್ಲಿಯವರು ಕಿರುಚುವ ಗೋಜಿಗೇ ಹೋಗದೆ ತುಟಿಯಲ್ಲೇ ಮಾತಾಡುತ್ತಿದ್ದರು, ವರ್ಷಗಳು ಕಳೆದಂತೆ ಕಿವಿ ಮಂದವಾಗಿ ಮನೆಯಲ್ಲೂ ಅದೇ ಅಭ್ಯಾಸವಾಗುತ್ತಿತ್ತು, ಅವರಿಂದ ಹೆಂಡಿರು ಮಕ್ಕಳಿಗೆ. ಪರೀಕ್ಷೆಯ ಕೋಣೆಯಲ್ಲಿ ನಾವು ಈ ವಿದ್ಯೆಯಿಂದ ಸಾಧಿಸಿದ ಶೈಕ್ಷಣಿಕ ಪ್ರಗತಿಯ ಬಗ್ಗೆ ಇಲ್ಲಿ ವಿಸ್ತರಿಸುವುದಿಲ್ಲ. ಜಗಳದಲ್ಲಿ ಮಾತ್ರ ಒಂದು ಅನನುಕೂಲವಿತ್ತು, ಎದುರಾಳಿ ಮುಖ ತಿರುಗಿಸಿಕೊಂಡರೆ ಬೈಗುಳವೆಲ್ಲ ವ್ಯರ್ಥ. ಅಮ್ಮ ಅಪ್ಪನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಬೈಯುತ್ತಿದ್ದಳು.

ಒಮ್ಮೆ ಬಳ್ಳಾರಿಯಿಂದ ಸೋದರತ್ತೆ ಬಂದಳು. ಹದಿನೈದು ದಿನ ಇರುತ್ತೇನೆಂದು ಚಕ್ಕುಲಿ ಡಬ್ಬಿ ಹೊತ್ತು ತಂದವಳು ಮೊದಲ ಸಂಜೆ ಬಾಗಿಲಲ್ಲಿ ನಿಂತು ಓಣಿ ನೋಡುತ್ತಿದ್ದಳು. ಪಾಳಿ ಬಿಟ್ಟಿತು. ಸೆಣಬಿನ ಧೂಳು ಹುಬ್ಬು ಮೀಸೆಗೆಲ್ಲ ಮೆತ್ತಿ ಬೆಳ್ಳಗಾಗಿದ್ದ ಮೂವತ್ತು ನಲವತ್ತು ಗಂಡಸರು ಓಣಿಯಲ್ಲಿ ನಡೆದು ಬಂದರು. ಎಲ್ಲರ ತುಟಿಗಳೂ ಆಡುತ್ತಿದ್ದವು, ಕೈಗಳು ಆಡುತ್ತಿದ್ದವು, ಒಬ್ಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಸದ್ದು ಮಾತ್ರ ಎಳ್ಳಷ್ಟೂ ಇಲ್ಲ. ಅತ್ತೆ ಬಾಗಿಲು ಹಾಕಿ ಅಗುಳಿ ಜಡಿದಳು. "ಇವರ್ಯಾರೂ ಬದುಕಿದ್ದೋರಲ್ಲ ಕಣೇ" ಎಂದು ಅಮ್ಮನಿಗೆ ಹೇಳಿ, ಮೂರನೆಯ ದಿನದ ಗಾಡಿಗೇ ಹೊರಟುಹೋದಳು. ನಾವು ಮಕ್ಕಳು ತಿಂಗಳಾನುಗಟ್ಟಲೆ ಅತ್ತೆಯನ್ನು ನಕಲು ಮಾಡಿ ನಕ್ಕೆವು, ಆದರೆ ನಾನು ಅಂದಿನಿಂದ ಆ ಹೊತ್ತಿನಲ್ಲಿ ಬಾಗಿಲಿಗೆ ಹೋಗುವುದನ್ನು ಬಿಟ್ಟೆ.

ಅಪ್ಪನ ಪಕ್ಕದ ಮಗ್ಗದವನು ಅಪ್ಪಲಸ್ವಾಮಿ. ಅಪ್ಪನ ಎದೆಯವರೆಗಷ್ಟೇ ಬರುವ ಗಿಡ್ಡ ಮನುಷ್ಯ. ಅಪ್ಪ ತಲೆ ಬಗ್ಗಿಸಿ ಕನ್ನಡದಲ್ಲಿ ಕೇಳಿದರೆ ಅವನು ತಲೆಯೆತ್ತಿ ತೆಲುಗಿನಲ್ಲಿ ಉತ್ತರಿಸುವುದು, ಹೀಗೆ ಇಬ್ಬರೂ ಹತ್ತೊಂಬತ್ತು ವರ್ಷ ಮಾತಾಡಿದ್ದರು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅವನು ಜ್ವರದಲ್ಲಿ ತೀರಿಕೊಂಡ. ನಮ್ಮ ಲೈನಿನಲ್ಲಿ ಒಂದು ಪದ್ಧತಿಯಿತ್ತು: ನೇಕಾರ ಸತ್ತರೆ, ಜೊತೆಯವರು ಬಂದು ಅಂದಿನ ಖಾತೆಯ ಸಮಾಚಾರವನ್ನು ಅವನಿಗೆ ತುಟಿಯಲ್ಲಿ ಹೇಳಿ ಮುಗಿಸುವ ತನಕ ಮನೆಯವರು ಅಳುವಂತಿಲ್ಲ. ಅಪ್ಪ ಹೆಣದ ತಲೆಯ ಬಳಿ ಕೂತು ಹೇಳಿದ; ನಾನು ಕಾಲ ಬಳಿ ನಿಂತು ಓದಿದೆ. ಮಗ್ಗಕ್ಕೆ ಹೊಸ ಪಟ್ಟಿ ಹಾಕಿದ್ದಾರೆ, ಮೇಸ್ತ್ರಿ ಸರ್ದಾರನಿಗೆ ಹಲ್ಲುನೋವು, ಇಂಥವೇ. ನಡುವೆ ಅಪ್ಪ ಸುಮ್ಮನಾದ. ಹುಬ್ಬೇರಿಸಿದ, ತಲೆಯಾಡಿಸಿದ, "ಹೌದಾ?" ಎಂದು ಕೇಳಿದ, ಆಮೇಲೆ ಸಣ್ಣಗೆ ನಕ್ಕ. ನಾನು ತಟಕ್ಕನೆ ಅಪ್ಪಲಸ್ವಾಮಿಯ ಬಾಯಿ ನೋಡಿದೆ. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದು ಕಟ್ಟಿದ್ದರು, ತುಟಿ ಅಲುಗುವಂತಿರಲಿಲ್ಲ.

ಅವನೇನು ಹೇಳಿದ ಎಂದು ಅಂದು ಸಂಜೆ ಅಪ್ಪನನ್ನು ಕೇಳಿದೆ. "ಸುಮ್ನಿರವ್ವಾ" ಎಂದು ಅಪ್ಪ ಮುಖ ತಿರುಗಿಸಿಕೊಂಡ. ಮುಖ ತಿರುಗಿಸಿದ ಮೇಲೆ ನಮ್ಮಲ್ಲಿ ಮಾತು ಮುಗಿದ ಹಾಗೆಯೇ.

ಗಿರಣಿಗೆ ಬೀಗ ಬಿದ್ದು ಎಷ್ಟೋ ವರ್ಷಗಳಾದವು, ಅಮ್ಮ ಹೋದಳು, ನಾನು ನ್ಯೂ ಟೌನಿನ ಹದಿನಾಲ್ಕನೆಯ ಮಹಡಿಯ ಮನೆಗೆ ಅಪ್ಪನನ್ನು ಕರೆತಂದೆ. ಈ ವಿದ್ಯೆ ಮಾತ್ರ ಬಿಟ್ಟುಹೋಗಲೊಲ್ಲದು. ಎದುರು ಕಟ್ಟಡದ ದಂಪತಿಗಳ ವೈಮನಸ್ಯವನ್ನು ಗಾಜಿನಾಚೆಯಿಂದಲೇ ಅಧ್ಯಯನ ಮಾಡಿದ್ದೇನೆ, ಪಾರ್ಕ್ ಸ್ಟ್ರೀಟಿನ ಹೋಟೆಲಿನ ಕಿಟಕಿಯೊಳಗೆ ಹುಡುಗನೊಬ್ಬ ಹುಡುಗಿಗೆ ನೀನು ಬೇಡವೆಂದು ಹೇಳಿದ್ದನ್ನು ಅವಳಿಗಿಂತ ಮೊದಲು ಅರ್ಥ ಮಾಡಿಕೊಂಡು ಬೀದಿಯಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದೇನೆ. ಓದಬಾರದೆಂದರೂ ಓದಿಬಿಡುತ್ತೇನೆ.

ಹೀಗಾಗಿ ಡಾಕ್ಟರು ಕೇಳಿದ ದಿನ, ನಾಲ್ಕು ಗಂಟೆಯ ಭೇಟಿಯ ಹೊತ್ತಿಗೆ ಅಪ್ಪನ ಮಂಚದ ಪಕ್ಕ ನಿಂತು ಪ್ರಶ್ನೆ ಕೇಳಲು ಬಾಯಿ ತೆರೆದವಳು, ಅಪ್ಪ ಆಗಲೇ ಮಾತಾಡುತ್ತಿರುವುದನ್ನು ಕಂಡೆ. ನನ್ನೊಂದಿಗಲ್ಲ. ಮಂಚದ ಆಚೆ ಬದಿಗೆ, ಹಸಿರು ಪರದೆಯ ಮುಂದಿನ ಖಾಲಿ ಜಾಗಕ್ಕೆ.

"ಗೊತ್ತೈತಲೇ," ಎನ್ನುತ್ತಿದ್ದ. ತಡೆದ. ಹುಬ್ಬೇರಿಸಿ ಕಾದ. "ಬರತೀನಿ. ನನ್ನ ಬದ್ಲಿ ಇನ್ನಾ ಬಂದಿಲ್ಲ."

ಮಲಗಿದ್ದರೂ ನಿಂತವನಂತೆ ಅಪ್ಪನ ದೃಷ್ಟಿ ಕೆಳಕ್ಕೆ ಬಾಗಿತ್ತು, ಅವನ ಎದೆಯವರೆಗಷ್ಟೇ ಬರುವ ಯಾರದೋ ಬಾಯಿಯ ಮಟ್ಟಕ್ಕೆ. ವಿದ್ಯಾವಂತೆಯಾದ ನಾನು ನಾಚಿಕೆಯಿಲ್ಲದೆ ಹೇಳುತ್ತೇನೆ, ಅಲ್ಲಿ ತುಟಿಗಳಿಗಾಗಿ ಹುಡುಕಿದೆ. ಪರದೆ ಮಾತ್ರ ಇತ್ತು. ಅಪ್ಪ ಅಂದಿನಂತೆಯೇ ಸಣ್ಣಗೆ ನಕ್ಕ.

ಬದ್ಲಿ ಎಂದರೆ ಮುಂದಿನ ಪಾಳಿಯವನು. ಪಾಳಿ ಬದಲಾದರೂ ಮಗ್ಗ ನಿಲ್ಲುವುದಿಲ್ಲ; ಮುಂದಿನವನು ಹಿಂದಿನಿಂದ ಬಂದು, ಕೂಗಿ ಪ್ರಯೋಜನವಿಲ್ಲವಾದ್ದರಿಂದ, ಭುಜದ ಮೇಲೆ ಅಂಗೈ ಊರುತ್ತಾನೆ. ಆ ಕೈ ಬೀಳುವ ತನಕ, ಎಷ್ಟೇ ಹೊತ್ತಾದರೂ, ನಿಂತವನು ನಿಂತೇ ಇರಬೇಕು. ಬಿದ್ದ ಮೇಲೆ ಎಳೆಗಳ ಸ್ಥಿತಿಗತಿ ಎರಡು ಮಾತಿನಲ್ಲಿ ಹೇಳಿ ಪಕ್ಕಕ್ಕೆ ಸರಿದು ಹೊರಡುತ್ತಾನೆ.

ಏನಂದರು ಎಂದು ಡಾಕ್ಟರು ಕೇಳಿದರು. ನೀರು ಕೇಳುತ್ತಿದ್ದಾರೆ ಎಂದೆ. ಮರುದಿನ, ಸೆಕೆಯಂತೆ ಎಂದೆ. ನಾಲ್ಕು ದಿನ ಸುಳ್ಳು ಹೇಳಿದೆ. ನಾಲ್ಕು ದಿನವೂ ಅಪ್ಪನ ಪಾದ ತಿಕ್ಕಿದೆ, ಹಣೆ ಒರೆಸಿದೆ, ಬೆರಳು ಹಿಡಿದುಕೊಂಡೆ. ಭುಜದ ಹತ್ತಿರ ಮಾತ್ರ ಕೈ ಒಯ್ಯಲಿಲ್ಲ. ಸಿಸ್ಟರ್ ಹೆಗಲಿನ ಬಟ್ಟೆ ಸರಿಪಡಿಸಲು ಹೋದಾಗ ಬೇಡವೆಂದು ರೇಗಿಬಿಟ್ಟೆ. ಪಾಪದ ಹುಡುಗಿ, "ದಿದಿ, ಬಾಬಾ ಯಾರನ್ನೋ ಕಾಯುತ್ತಿದ್ದಾರೆ, ಅಲ್ಲವೇ" ಎಂದು ಬಂಗಾಳಿಯಲ್ಲಿ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

ಐದನೆಯ ದಿನ ಹೊದಿಕೆಯೊಳಗೆ ಅಪ್ಪನ ಕಾಲುಗಳು ಅಲುಗುತ್ತಿದ್ದವು, ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಬಹಳ ಹೊತ್ತು ನಿಂತವರು ಭಾರ ಬದಲಿಸುವುದು ಹಾಗೆಯೇ. ತುಟಿ ನೋಡಿದೆ. "ಕಾಲು ಸೋತಾವಲೇ," ಎನ್ನುತ್ತಿದ್ದ ಪರದೆಯ ಕಡೆಗೆ. ಎಂಬತ್ತನಾಲ್ಕರ ಮುದುಕನನ್ನು ನಾನು ನಾಲ್ಕು ದಿನದಿಂದ ನಿಲ್ಲಿಸಿಟ್ಟಿದ್ದೆ.

ತಲೆದೆಸೆಗೆ ಹೋಗಿ ಹಿಂದಿನಿಂದ ಅಪ್ಪನ ಬಲಭುಜದ ಮೇಲೆ ಅಂಗೈ ಇಟ್ಟೆ. ಮೂಳೆ ಕೈಗೆ ಸಿಕ್ಕಿತು. ಅಪ್ಪ ಬೆಚ್ಚಲಿಲ್ಲ, ತಿರುಗಿಯೂ ನೋಡಲಿಲ್ಲ. ನಾನು ಬಗ್ಗಿ ಓದಿದೆ.

"ಎಳಿ ಎಲ್ಲಾ ಸರಿ ಅದಾವ, ನೋಡ್ಕೋ," ಎಂದ. ಆಮೇಲೆ, "ಯಾಕಿಷ್ಟು ತಡ ಮಾಡ್ದಿ?"

ಕಾಲುಗಳು ಅಲುಗುವುದು ನಿಂತಿತು. ಏನಂದರು ಎಂದು ಡಾಕ್ಟರು ಬಾಗಿಲಲ್ಲಿ ಕೇಳಿದರು. ಮನೆಗೆ ಹೊರಡುತ್ತಾರಂತೆ ಎಂದೆ. ತಡವೇಕೆಂದು ಅಪ್ಪ ನನ್ನನ್ನು ಕೇಳಿದ ಮಾತನ್ನು ಮಾತ್ರ ಹೇಳಲಿಲ್ಲ.